ಸಿಮೆಂಟಾಗುವ ಮುನ್ನ: ಅರಿಯಲೂರಿನ ಗಣಿಗೋಡೆಯಲ್ಲಿ ಒಂದು ಕಡಲು

ಮುಂದಿನ ಸಾಲಿಗೆ ಒಂದು ಚಿಪ್ಪು ಕೊಟ್ಟಿದ್ದೇನೆ. ನಾನು ಮಾತಾಡುತ್ತಿರುವಾಗಲೇ ಅದು ಕೈಯಿಂದ ಕೈಗೆ ಹೋಗಲಿ. ನಿಮ್ಮ ಕೈಗೆ ಬಂದಾಗ ಮೊದಲು ತೂಕ ನೋಡಿ. ಅಂಗೈಯೊಳಗೆ ಕೂರುವ ಚಿಪ್ಪಿಗೆ ಇಷ್ಟು ಭಾರವೇ ಅನಿಸುತ್ತದೆ. ಆಮೇಲೆ ಬೆನ್ನಿನ ಮೇಲೆ ಬೆರಳಾಡಿಸಿ. ಒಂದರ ಮೇಲೊಂದು ಹೊದ್ದುಕೊಂಡ ಗೆರೆಗಳು ಸಿಗುತ್ತವೆ, ಅದು ಬೆಳೆದ ಗುರುತು. ಒಳಮಗ್ಗುಲಲ್ಲೂ ನೋಡಬೇಕಾದ್ದೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಚಿಪ್ಪು ಬಂದದ್ದು ತಮಿಳುನಾಡಿನ ಅರಿಯಲೂರಿನಿಂದ. ವಿಲ್ಲುಪುರಂನಿಂದ ತಿರುಚ್ಚಿಗೆ ಹೋಗುವ ರೈಲು ಮಾರ್ಗದಲ್ಲಿ ಸಿಗುವ ಊರು. ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು, ಅವುಗಳ ಸುಣ್ಣಕಲ್ಲಿನ ಗಣಿಗಳು. ಇವತ್ತಿನ ಕಡಲು ಅಲ್ಲಿಂದ ಪೂರ್ವಕ್ಕೆ 70 ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಗಣಿಗೆ ಇಳಿದು ಗೋಡೆಯ ಮುಂದೆ ನಿಂತರೆ ನೀವು ನಿಂತಿರುವುದು ಕಡಲತಳದಲ್ಲೇ. ಕಣ್ಣಿಗೆ ಕಾಣುವುದೆಲ್ಲ ಚಿಪ್ಪು. ಚಿಪ್ಪಿನ ಚೂರು, ಚಿಪ್ಪಿನ ಪುಡಿ, ಆ ಪುಡಿಯೇ ಗಟ್ಟಿಯಾಗಿ ಆದ ಕಲ್ಲು.

ನಮ್ಮವರಿಗೆ ಈ ಜಾಗದ ನಂಟು ಹೆಸರಿನಲ್ಲೇ ಇದೆ. ಭೂವಿಜ್ಞಾನಿಗಳು ಇದನ್ನು ಕಾವೇರಿ ಜಲಾನಯನದ ಶಿಲೆಗಳು ಎನ್ನುತ್ತಾರೆ. ಕಾವೇರಿಯ ಕವಲಾದ ಕೊಳ್ಳಿಡಂ ಅರಿಯಲೂರು ಜಿಲ್ಲೆಯ ದಕ್ಷಿಣದ ಗಡಿಯಾಗಿ ಹರಿಯುತ್ತದೆ. ಆದರೆ ಈ ಪದರಗಳನ್ನು ತಂದು ಹಾಕಿದ್ದು ಇವತ್ತಿನ ಕಾವೇರಿಯಲ್ಲ. ಭಾರತವು ಅಂಟಾರ್ಕ್ಟಿಕಾದಿಂದ ಸೀಳಿ ಬೇರೆಯಾದಾಗ ಪೂರ್ವದ ಅಂಚು ಕುಸಿದು ತಗ್ಗುಗಳಾದವು. ಆ ತಗ್ಗಿಗೆ ಕಡಲು ನುಗ್ಗಿತು, ಹಿಂದೆ ಸರಿಯಿತು, ಮತ್ತೆ ಬಂತು. ಹನ್ನೊಂದು ಕೋಟಿ ವರ್ಷಗಳ ಹಿಂದಿನಿಂದ ಸುಮಾರು ಆರು ಕೋಟಿ ವರ್ಷಗಳ ಹಿಂದಿನವರೆಗಿನ ಈ ಹೋಗುಬರುವಿನ ಲೆಕ್ಕ ಅರಿಯಲೂರು ಮತ್ತು ಪಕ್ಕದ ಪೆರಂಬಲೂರಿನ ನೆಲದಲ್ಲಿದೆ.

ಇಲ್ಲಿ ಕೂತವರಲ್ಲಿ ಕಲಬುರಗಿ ಕಡೆಯವರು ಇರಬಹುದು. ಶಹಾಬಾದ್ ಕಲ್ಲು ನಿಮಗೆ ಗೊತ್ತು. ಅದೂ ಸುಣ್ಣಕಲ್ಲೇ, ಅದೂ ಆಳವಿಲ್ಲದ ಕಡಲಲ್ಲಿ ಕೂತದ್ದೇ. ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಆಗುವುದೂ ಅದರಿಂದಲೇ. ನಿಮ್ಮ ಮನೆಯ ನೆಲದಲ್ಲಿ ಚಿಪ್ಪು ಯಾಕಿಲ್ಲ ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಬಹಳ ಒಳ್ಳೆಯ ಪ್ರಶ್ನೆ. ಆ ಕಲ್ಲು ಕೂತ ಕಾಲಕ್ಕೆ ಚಿಪ್ಪು ಕಟ್ಟುವ ಪ್ರಾಣಿಗಳೇ ಇನ್ನೂ ಹುಟ್ಟಿರಲಿಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಹಾಸು ಪದರಗಟ್ಟಿ ಆದ ಸ್ಟ್ರೊಮಾಟೊಲೈಟ್‌ಗಳು ಸಿಗುತ್ತವೆ, ಎಲೆಕೋಸನ್ನು ಅಡ್ಡ ಕೊಯ್ದಂತೆ ಕಾಣುತ್ತವೆ. ಚಿಪ್ಪು ಮಾತ್ರ ಇಲ್ಲ. ಹಾಗಾಗಿ ಚಿಪ್ಪಿನ ಕಡಲನ್ನು ಹತ್ತಿರದಲ್ಲಿ ನೋಡಬೇಕೆನ್ನುವ ನಮ್ಮ ಭೂವಿಜ್ಞಾನ ವಿದ್ಯಾರ್ಥಿಗಳು ಅರಿಯಲೂರಿನ ಕಡೆಗೆ ಹೊರಡುತ್ತಾರೆ. ನಾನು ಹೋದದ್ದೂ ಹಾಗೆಯೇ.

ನಾನು ಮುಖ್ಯವಾಗಿ ಮಾತಾಡುವುದು ಕಲ್ಲಂಕುರಿಚಿ ಎಂಬ ಊರಿನ ಹೆಸರು ಹೊತ್ತ ಶಿಲಾಸ್ತೋಮದ ಬಗ್ಗೆ. ಕಲ್ಲಕುರಿಚಿ ಬೇರೆ, ಅದು ಬೇರೆ ಜಿಲ್ಲೆ. ಇದು ಅರಿಯಲೂರಿಗೆ ಅಂಟಿಕೊಂಡ ಹಳ್ಳಿ. ಈ ಶಿಲೆಗಳಿಗೆ ಸುಮಾರು ಏಳು ಕೋಟಿ ವರ್ಷ. ಕ್ರಿಟೇಶಿಯಸ್ ಯುಗದ ಕೊನೆಯ ಅಧ್ಯಾಯ, ಮಾಸ್ಟ್ರಿಕ್ಷಿಯನ್ ಎನ್ನುವ ಕಾಲ. ಭಾರತ ಆಗ ಭೂಮಧ್ಯರೇಖೆಯಿಂದ ದಕ್ಷಿಣಕ್ಕಿತ್ತು, ಏಷ್ಯಾಕ್ಕೆ ಇನ್ನೂ ತಾಗಿರಲಿಲ್ಲ, ಹಿಮಾಲಯ ಇರಲಿಲ್ಲ. ಬೀದರ್, ವಿಜಯಪುರ, ಬೆಳಗಾವಿಯ ಕಡೆ ಈಗ ಕಾಣುವ ಕಪ್ಪುಕಲ್ಲು, ಅಂದರೆ ದಖ್ಖನ್ನಿನ ಲಾವಾ, ಬಹುಪಾಲು ಉಕ್ಕಿ ಹರಿದದ್ದು ಇದಾದ ಮೇಲೆ, ಆರೂಮುಕ್ಕಾಲು ಕೋಟಿ ವರ್ಷಗಳ ಹಿಂದಿನಿಂದ ಈಚೆಗೆ.

ಗಣಿಗೋಡೆಯನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲೆ. ಕಲ್ಲಂಕುರಿಚಿಯಲ್ಲಿ ತಳದಲ್ಲಿ ಮರಳು ಹೆಚ್ಚು, ಉರುಟು ಕಲ್ಲುಗಳೂ ಇವೆ, ಕಬ್ಬಿಣದ ಕೆಂಪು ಹತ್ತಿದೆ. ಕಡಲು ನೆಲದ ಮೇಲೆ ಹತ್ತಿ ಬರುವಾಗ ದಡವನ್ನು ಕೆರೆದು ತಂದದ್ದು ಅದು. ಅದರ ಮೇಲೆ ಇನೊಸೆರಾಮಸ್ ಎಂಬ ದೊಡ್ಡ ಜೋಡಿಚಿಪ್ಪಿನ ಪ್ರಾಣಿಯ ಚೂರುಗಳು ತುಂಬಿದ ಸುಣ್ಣಕಲ್ಲು. ಅದರ ಮೇಲೆ ಗ್ರಿಫಿಯಾ, ಅಂದರೆ ಈಗ ನಿಮ್ಮ ಕೈಯಲ್ಲಿ ಸುತ್ತುತ್ತಿರುವ ಜಾತಿ. ಇವುಗಳ ಜೊತೆಗೆ ಬಗೆಬಗೆಯ ಜೀವಿಗಳು ಒಟ್ಟಿಗೆ ಹಾಸಿ ಕೂತ ಪದರವೂ ಇದೆ.

ಇನೊಸೆರಾಮಸ್‌ನ ಚೂರು ಗುರುತಿಸುವುದು ಸುಲಭ. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಾಚಣಿಗೆಯ ಹಲ್ಲಿನಂತೆ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಕಂಬಗಳು ಸಾಲಾಗಿ ನಿಂತಿರುತ್ತವೆ. ಚಿಪ್ಪು ಸತ್ತ ಮೇಲೆ ಆ ಕಂಬಗಳು ಬಿಡಿಬಿಡಿಯಾಗಿ ಉದುರಿ ಕಡಲತಳದಲ್ಲಿ ಸೂಜಿಗಳಂತೆ ಬೀಳುತ್ತವೆ. ಕೆಲವು ಪದರಗಳಲ್ಲಿ ಪೂರ್ತಿ ಚಿಪ್ಪು ಒಂದೂ ಸಿಗುವುದಿಲ್ಲ, ಸೂಜಿಗಳೇ ಸಿಗುತ್ತವೆ. ಅಷ್ಟು ಸಾಕು. ಇಲ್ಲಿ ಅದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಈ ಕುಲ ಜಗತ್ತಿನ ಬಹುತೇಕ ಕಡೆ ಡೈನೋಸಾರ್‌ಗಳಿಗಿಂತ ಮೊದಲೇ ಕಣ್ಮರೆಯಾಯಿತು.

ಗಣಿ ಎಂದರೆ ಗುಂಡಿ ಎಂದು ಕೆಲವರು ತಿಳಿದಿರುತ್ತಾರೆ. ಅದು ಮೆಟ್ಟಿಲು. ಮೇಲಿನ ಮಣ್ಣು ತೆಗೆದು, ಕಲ್ಲನ್ನು ಬೆಂಚು ಬೆಂಚಾಗಿ ಕಡಿದುಕೊಂಡು ಇಳಿಯುತ್ತಾರೆ. ಒಂದೊಂದು ಬೆಂಚಿಗೂ ಒಂದು ನಿಂತ ಗೋಡೆ. ಸಾಲಾಗಿ ಕುಳಿ ಕೊರೆದು, ಮದ್ದು ತುಂಬಿ, ಸೈರನ್ ಊದಿ, ಕೆಂಪು ಬಾವುಟ ಇಟ್ಟು, ಎಲ್ಲರನ್ನೂ ದೂರ ಕಳಿಸಿ ಸಿಡಿಸುತ್ತಾರೆ. ಧೂಳು ಇಳಿದ ಮೇಲೆ ನಿನ್ನೆ ಇದ್ದ ಗೋಡೆ ಇರುವುದಿಲ್ಲ, ಕೆಲವು ಮೀಟರ್ ಹಿಂದೆ ಹೊಸ ಗೋಡೆ ನಿಂತಿರುತ್ತದೆ. ಉದುರಿದ ಕಲ್ಲು ಡಂಪರ್ ಹತ್ತಿ ಕ್ರಷರಿಗೆ, ಅಲ್ಲಿಂದ ಗೂಡಿಗೆ. 1450 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಏಳು ಕೋಟಿ ವರ್ಷದ ಚಿಪ್ಪು ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ, ಆಗುತ್ತದೆ. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ, ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಆ ಚಿಪ್ಪಿನ ಪ್ರಾಣಿ ಅಂದಿನ ಕಡಲಿನಿಂದ ಹೀರಿ ಕಟ್ಟಿಕೊಂಡ ಇಂಗಾಲ ಅದು.

ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರನ್ನು ನೋಡಿದ್ದೀರಿ. ತಿಂದು ಉಳಿದ ಚಿಪ್ಪನ್ನು ಸುಟ್ಟರೆ ಸುಣ್ಣ. ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ. ಅರಿಯಲೂರಿನಲ್ಲಿ ಆಗುತ್ತಿರುವುದು ಅದೇ ಕೆಲಸ, ಚಿಪ್ಪು ಮಾತ್ರ ಹಳೆಯದು.

ಈಗ ನನಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಾನು ಮೊದಲ ಸಲ ಹೋದಾಗ ಗಣಿಯ ಅಂಚಿನ ಕಸಗಲ್ಲಿನ ರಾಶಿಯಲ್ಲಿ ಒಂದು ಸೀ ಅರ್ಚಿನ್ ಸಿಕ್ಕಿತು, ಮುಳ್ಳುಚೆಂಡಿನಂಥ ಕಡಲಜೀವಿ. ಮುಳ್ಳೆಲ್ಲ ಉದುರಿ, ಗುಮ್ಮಟದಂಥ ಮೈ ಮಾತ್ರ ಉಳಿದಿತ್ತು, ನೆತ್ತಿಯ ಮೇಲೆ ಐದು ಎಸಳಿನ ಹೂವಿನ ಗುರುತು. ಸ್ಟಿಗ್ಮಾಟೊಪೈಗಸ್ ಎಂದು ಹೆಸರು. ಒಂದೂ ಬಿರುಕಿರಲಿಲ್ಲ. ಖುಷಿಗೆ ಕೈ ನಡುಗುತ್ತಿತ್ತು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದೆ. ಊರಿಗೆ ಬಂದ ಮೇಲೆ ನನ್ನ ಮೇಷ್ಟ್ರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವ ಪದರದ್ದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಬೆಂಚಿನಿಂದ ಬಂತು, ಗ್ರಿಫಿಯಾದ ಮೇಲಿನದೋ ಕೆಳಗಿನದೋ, ಯಾವ ಗಣಿಯಿಂದ ತಂದು ಸುರಿದ ರಾಶಿಯದು, ಏನೂ ಗೊತ್ತಿಲ್ಲ. ಅವರು ಬೈಯಲಿಲ್ಲ. "ಚೆನ್ನಾಗಿದೆ, ಮನೆಯಲ್ಲಿ ಇಟ್ಟುಕೋ" ಎಂದರು. ಅದು ಇವತ್ತಿಗೂ ನನ್ನ ಮೇಜಿನ ಮೇಲಿದೆ. ಅದರಿಂದ ಒಂದು ಸಾಲೂ ಬರೆಯಲಾಗಿಲ್ಲ.

ಪಳೆಯುಳಿಕೆಯ ಅರ್ಧ ಜೀವ ಅದರ ಜಾಗದಲ್ಲಿದೆ. ಸಿಡಿಸುವ ಗಣಿಯಲ್ಲಿ ಅದರ ಜಾಗಕ್ಕೆ ಆಯುಸ್ಸು ಬಹಳ ಕಡಿಮೆ. ಹಾಗಾಗಿ ಈಗ ನಾವು ಸುತ್ತಿಗೆ ತೆಗೆಯುವ ಮೊದಲು ಟೇಪು ತೆಗೆಯುತ್ತೇವೆ. ಬೆಂಚಿನ ತಳದಿಂದ ಅಳತೆ ಹಿಡಿದು, ಪದರ ಬದಲಾಗುವಲ್ಲೆಲ್ಲ ಗುರುತು ಹಾಕಿ, ಪುಸ್ತಕದಲ್ಲಿ ಒಂದು ಕಂಬ ಬರೆದುಕೊಳ್ಳುತ್ತೇವೆ. ಎಷ್ಟು ದಪ್ಪ, ಯಾವ ಬಣ್ಣ, ಮರಳು ಎಷ್ಟು, ಚಿಪ್ಪು ಯಾವುದು, ಒಡೆದಿದೆಯೋ ಇಡಿಯಾಗಿದೆಯೋ. ದುರ್ಬಲ ಆಮ್ಲದ ಒಂದು ಹನಿ ಬಿಟ್ಟು ಎಷ್ಟು ನೊರೆ ಬಂತು ನೋಡುತ್ತೇವೆ, ಸುಣ್ಣ ಹೆಚ್ಚಿದ್ದರೆ ಜೋರಾಗಿ ನೊರೆ. ಗೋಡೆಯ ಫೋಟೊ ತೆಗೆಯುವಾಗ ಅಳತೆಪಟ್ಟಿ ಫೋಟೊದಲ್ಲಿ ಬರಲೇಬೇಕು. ಇಷ್ಟಾದ ಮೇಲೆ ಚಿಪ್ಪು. ತೆಗೆದ ತಕ್ಷಣ ಸಂಖ್ಯೆ, ದಿನಪತ್ರಿಕೆಯಲ್ಲಿ ಸುತ್ತಿ ಅದರೊಳಗೊಂದು ಚೀಟಿ, ಮೇಲೊಂದು ಚೀಟಿ. ಗೋಡೆಯಿಂದ ಬಿದ್ದ ಬಂಡೆಯಲ್ಲಿ ಸಿಕ್ಕಿದ್ದಾದರೆ "ಬಿದ್ದದ್ದು" ಎಂದು ಬರೆಯಲೇಬೇಕು. ಊಹಿಸಿ ಪದರ ಬರೆದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಇದಕ್ಕೆಲ್ಲ ಗಣಿಯ ಮ್ಯಾನೇಜರರ ಒಪ್ಪಿಗೆ ಬೇಕು. ಹೆಲ್ಮೆಟ್, ಬೂಟು, ಹೊಳೆಯುವ ಜಾಕೆಟ್ ಬೇಕು. ಗೋಡೆಯ ಬುಡದಲ್ಲಿ ಕೂತು ಊಟ ಮಾಡಬೇಡಿ, ಮಳೆ ನಿಂತ ಮಾರನೇ ದಿನ ಗೋಡೆಯ ಹತ್ತಿರ ಹೋಗಬೇಡಿ, ಸಡಿಲವಾದ ಕಲ್ಲು ಹೇಳಿ ಕೇಳಿ ಬೀಳುವುದಿಲ್ಲ. ಹುಡುಗರಿಗೆ ಇದನ್ನು ಹತ್ತು ಸಲ ಹೇಳುತ್ತೇನೆ, ಹನ್ನೊಂದನೇ ಸಲವೂ ಹೇಳುತ್ತೇನೆ.

ಗೋಡೆಯ ಬಗ್ಗೆ ಒಂದು ಮಾತು ನಾನು ತಡವಾಗಿ ಕಲಿತೆ. ಹೊಸದಾಗಿ ಸಿಡಿಸಿದ ಗೋಡೆಯಲ್ಲಿ ಪದರಗಳು ಚೆನ್ನಾಗಿ ಕಾಣುತ್ತವೆ, ಪಳೆಯುಳಿಕೆ ಕಾಣುವುದಿಲ್ಲ. ಧೂಳು ಮೆತ್ತಿಕೊಂಡಿರುತ್ತದೆ, ಚಿಪ್ಪೂ ಕಲ್ಲೂ ಒಂದೇ ಬಣ್ಣ. ಒಂದೆರಡು ಮಳೆಗಾಲ ಕಂಡ ಹಳೆಯ ಗೋಡೆಯಲ್ಲಿ ಇದು ತಿರುಗುಮುರುಗು. ಮೆತ್ತನೆಯ ಕಲ್ಲನ್ನು ಮಳೆ ತಿಂದು, ಗಟ್ಟಿ ಚಿಪ್ಪುಗಳು ಹೊರಗೆ ಚಾಚಿಕೊಂಡಿರುತ್ತವೆ, ಬಿಡಿಸಿ ಇಟ್ಟಂತೆ. ಪದರಕ್ಕೆ ಹೊಸ ಗೋಡೆ, ಜೀವಿಗಳಿಗೆ ಹಳೆ ಗೋಡೆ. ಎರಡನ್ನೂ ಒಂದೇ ಅಳತೆಗೆ ಹೊಂದಿಸಿದಾಗ ಚಿತ್ರ ಪೂರ್ತಿಯಾಗುತ್ತದೆ. ಗಣಿಯವರು ಕೆಲಸ ನಿಲ್ಲಿಸಿ ಬಿಟ್ಟ ಮೂಲೆಯನ್ನು ನಾವು ಬಹಳ ಪ್ರೀತಿಯಿಂದ ನೋಡುವುದು ಇದಕ್ಕೇ.

ಪದರ ಗೊತ್ತಿರುವುದು ನಮಗಷ್ಟೇ ಅಲ್ಲ. ಅಲ್ಲಿ ಕುಳಿ ಕೊರೆಯುವ ಯಂತ್ರ ನಡೆಸುವವರೊಬ್ಬರಿದ್ದರು, ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಹರಕು ತಮಿಳಿನಲ್ಲಿ ಮಾತಾಡುತ್ತ ಕೂತಾಗ ಅವರು ಹೇಳಿದರು: ಕೊರೆಯುವಾಗ ಮೇಲೆ ಬರುವ ಪುಡಿಯ ಬಣ್ಣ ಬದಲಾಗುತ್ತದೆ, ಸರಳು ಇಳಿಯುವ ವೇಗ ಬದಲಾಗುತ್ತದೆ, ಸದ್ದೂ ಬದಲಾಗುತ್ತದೆ. "ಕಿಳಿಂಜಲ್ ಬಂದರೆ ಗೊತ್ತಾಗುತ್ತದೆ ಸಾರ್." ಕಿಳಿಂಜಲ್ ಎಂದರೆ ತಮಿಳಿನಲ್ಲಿ ಚಿಪ್ಪು. ನಾನು ಟೇಪು ಹಿಡಿದು ಅರ್ಧ ದಿನ ಅಳೆದ ಗ್ರಿಫಿಯಾ ಪದರದ ಮೇಲಂಚನ್ನು ಅವರು ಕಿವಿಯಿಂದ ಹೇಳಿದರು. ಮುಂದಿನ ಎರಡು ದಿನ ಅವರ ಕುಳಿಗಳ ಪಕ್ಕದಲ್ಲಿ ಕೂತು ಪುಡಿಯ ಗುಡ್ಡೆಗಳನ್ನು ಸಾಲಾಗಿ ಗುರುತಿಸಿಕೊಂಡೆ. ಗೋಡೆ ಕಾಣಿಸದ ಕಡೆ ಪದರ ಎಷ್ಟು ಕೆಳಗೆ ಬಾಗಿ ಹೋಗಿದೆ ಎನ್ನುವುದು ನನಗೆ ಗೊತ್ತಾದದ್ದು ಹಾಗೆ.

ಈ ಗಣಿಗಳು ಬರುವ ಮೊದಲೇ ಇಲ್ಲಿ ಕೆಲಸ ಮಾಡಿದವರನ್ನು ನೆನೆಯಬೇಕು. 1840ರ ದಶಕದಲ್ಲಿ ಕೇ ಮತ್ತು ಕನ್ಲಿಫ್ ಎಂಬಿಬ್ಬರು ಈ ಭಾಗದಲ್ಲಿ ಚಿಪ್ಪು ಕೂಡಿಸಿದರು, 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅವುಗಳನ್ನು ವಿವರಿಸಿದರು. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹೆನ್ರಿ ಬ್ಲಾನ್‌ಫರ್ಡ್ ಹಳ್ಳದ ಕೊರಕಲು, ಹೊಲದ ಬದು ಹಿಡಿದು ನಡೆದು ಪದರಗಳ ನಕ್ಷೆ ಮಾಡಿದರು. ಅವರು ಹಾಕಿಕೊಟ್ಟ ವಿಂಗಡಣೆಯ ಮೇಲೆಯೇ ಇವತ್ತಿಗೂ ನಾವು ನಿಂತಿದ್ದೇವೆ. ಇದೇ ಬ್ಲಾನ್‌ಫರ್ಡ್ 1875ರಲ್ಲಿ ನಮ್ಮ ದೇಶದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಹಿಮಾಲಯದಲ್ಲಿ ಬಿದ್ದ ಹಿಮ ನೋಡಿ ಮುಂಗಾರು ಹೇಗಿರುತ್ತದೆ ಎಂದು ಮೊದಲು ಮುನ್ಸೂಚನೆ ಕೊಟ್ಟವರೂ ಅವರೇ. ಜೂನ್‌ನಲ್ಲಿ ನಾವೆಲ್ಲ ಮಳೆಯ ಸುದ್ದಿಗೆ ಕಾಯುತ್ತೇವಲ್ಲ, ಆ ಕೆಲಸ ಶುರು ಮಾಡಿದವರ ಬೂಟಿಗೆ ಅದಕ್ಕೂ ಮುಂಚೆ ಅಂಟಿದ್ದು ಅರಿಯಲೂರಿನ ಕಡೆಯ ಮಣ್ಣು.

ಚಿಪ್ಪುಗಳನ್ನು ಒಂದೊಂದಾಗಿ ಹೆಸರಿಸಿ ಚಿತ್ರ ಸಹಿತ ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದವರು ಫರ್ಡಿನಾಂಡ್ ಸ್ಟೊಲಿಚ್ಕಾ. ಮೊರಾವಿಯಾದವರು, 1862ರಲ್ಲಿ ಭಾರತಕ್ಕೆ ಬಂದರು. ಹತ್ತು ವರ್ಷ ದಕ್ಷಿಣ ಭಾರತದ ಕ್ರಿಟೇಶಿಯಸ್ ಜೀವಿಗಳ ಮೇಲೆ ದುಡಿದರು. 1874ರಲ್ಲಿ ಯಾರ್ಕಂದ್‌ಗೆ ಹೋಗಿ ಹಿಂದಿರುಗುವಾಗ ಲಡಾಖಿನ ಎತ್ತರದಲ್ಲಿ ತೀರಿಕೊಂಡರು, ಆಗ ಅವರಿಗೆ 36 ವರ್ಷ. ಲೇಹ್‌ನಲ್ಲಿ ಅವರ ಸಮಾಧಿ ಇದೆ. ಅವರ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ನಾವು ಇವತ್ತೂ ಚಿಪ್ಪು ಗುರುತಿಸುತ್ತೇವೆ. ಕಲ್ಲಚ್ಚಿನಲ್ಲಿ ಮೂಡಿಸಿದ ಆ ಗೆರೆಗಳ ನಿಖರತೆ ಕಂಡಾಗಲೆಲ್ಲ ನನಗೆ ತಲೆ ಬಾಗುತ್ತದೆ.

ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ ಅಳಿದುಹೋದ ಕಡಲಜೀವಿ, ಹೇಗಿರುತ್ತದೆ ಎಂದು ಕೇಳಿದವರಿಗೆ ನಾನು ಬೇರೆ ಕಡೆ ಕೈ ತೋರಿಸುವುದಿಲ್ಲ. ನಿಮ್ಮಲ್ಲಿ ಅನೇಕರ ದೇವರ ಮನೆಯಲ್ಲೇ ಇದೆ. ಗಂಡಕಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರ ಅಮೋನೈಟ್‌ನದೇ, ಅದು ಜುರಾಸಿಕ್ ಕಾಲದ್ದು, ಅರಿಯಲೂರಿನದಕ್ಕಿಂತ ಹಳೆಯದು. ಕಾರೈ ಎಂಬ ಊರಿನ ಹತ್ತಿರ ಕೊರಕಲು ಬಿದ್ದ ಜೇಡಿಮಣ್ಣಿನ ಬೀಳು ಇದೆ, ಅಲ್ಲಿ ಅಮೋನೈಟ್ ಸಿಗುತ್ತವೆ. ಕೆಲವೊಮ್ಮೆ ಅವುಗಳ ಸುತ್ತ ಖನಿಜ ಗಟ್ಟಿಕಟ್ಟಿ ದೊಡ್ಡ ಉಂಡೆಯಾಗಿರುತ್ತದೆ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಕೆರೆಯಲ್ಲಿ ಇಂಥ ಉರುಟು ಕಲ್ಲುಗಳು ಸಿಕ್ಕಾಗ ಡೈನೋಸಾರ್ ಮೊಟ್ಟೆ ಎಂದು ಸುದ್ದಿ ಹಬ್ಬಿತು. ತಜ್ಞರು ನೋಡಿ, ಕಡಲ ಕೆಸರಿನಲ್ಲಿ ಕಟ್ಟಿದ ಉಂಡೆಗಳು ಎಂದರು. ಜನ ನಿರಾಸೆಗೊಂಡರು ಎಂದು ಕೇಳಿದೆ. ನನಗೇನೋ ಅಮೋನೈಟ್ ಮೊಟ್ಟೆಗಿಂತ ಕಡಿಮೆಯದು ಅನಿಸುವುದಿಲ್ಲ. ಅದೇ ಜಿಲ್ಲೆಯ ಸಾತ್ತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರವೊಂದು ಮಲಗಿದೆ, ಎಂ. ಎಸ್. ಕೃಷ್ಣನ್ 1940ರಲ್ಲಿ ಅದರ ಬಗ್ಗೆ ವರದಿ ಮಾಡಿದರು. ಕಡಲಿನ ಪದರದಲ್ಲಿ ಮರ! ದಡದಿಂದ ತೇಲಿ ಬಂದು ಮುಳುಗಿದ್ದು. ಅಂದರೆ ದಡ ದೂರವಿರಲಿಲ್ಲ.

ಗೋಡೆ ಎಲ್ಲವನ್ನೂ ಹೇಳುವುದಿಲ್ಲ, ಅದನ್ನೂ ತಿಳಿದಿರಬೇಕು. ಕಲ್ಲಂಕುರಿಚಿಯಲ್ಲಿ ಗ್ರಿಫಿಯಾ ಇಷ್ಟು ಸಿಗುವುದು ಅದು ಅಷ್ಟೊಂದು ಇದ್ದದ್ದರಿಂದಲೂ ಹೌದು, ಅದರ ಚಿಪ್ಪು ಕ್ಯಾಲ್ಸೈಟ್ ಆದದ್ದರಿಂದಲೂ ಹೌದು. ಬಸವನಹುಳುವಿನ ಬಳಗದ ಬಹಳಷ್ಟು ಚಿಪ್ಪುಗಳು ಅರಾಗೊನೈಟ್. ಅದೂ ಸುಣ್ಣವೇ, ಆದರೆ ನೀರಿಗೆ ಬೇಗ ಕರಗುವ ಸುಣ್ಣ. ಚಿಪ್ಪು ಕರಗಿ ಹೋಗಿ, ಅದರ ಹೊಟ್ಟೆಯೊಳಗೆ ತುಂಬಿದ್ದ ಕೆಸರು ಮಾತ್ರ ಅಚ್ಚಿನಂತೆ ಉಳಿಯುತ್ತದೆ. ಅಂಥ ಅಚ್ಚುಗಳನ್ನು ನನ್ನ ವಿದ್ಯಾರ್ಥಿಗಳು ಮೊದಲ ದಿನ ಬಿಸಾಡುತ್ತಾರೆ, ಚೆನ್ನಾಗಿಲ್ಲ ಎಂದು. ಎರಡನೇ ದಿನ ಹೋಗಿ ಹುಡುಕಿ ತರುತ್ತಾರೆ.

ಈಗ ನಿಮ್ಮ ಕೈಯಲ್ಲಿರುವ ಚಿಪ್ಪಿಗೆ ಬರೋಣ. ಹಿಂದಿನ ಸಾಲಿನವರಿಗೂ ಈ ಹೊತ್ತಿಗೆ ತಲುಪಿರಬೇಕು. ಅದು ಎಡಚಿಪ್ಪು. ಬಟ್ಟಲಿನಂತೆ ಆಳ, ಗೋಡೆ ದಪ್ಪ. ಬಲಚಿಪ್ಪು ಮುಚ್ಚಳದಂತೆ ತೆಳ್ಳಗೆ, ಚಪ್ಪಟೆ. ಗ್ರಿಫಿಯಾ ಮರಿಯಾಗಿದ್ದಾಗ ಯಾವುದಾದರೂ ಚೂರಿಗೆ ಅಂಟಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಮೆತ್ತನೆಯ ಕೆಸರಿನ ಮೇಲೆ ಬಟ್ಟಲು ಕೆಳಗಾಗಿ ಕೂರುತ್ತದೆ. ಭಾರವೇ ಅದಕ್ಕೆ ಲಂಗರು. ನೀವು ಮೊದಲು ಕೇಳಿಕೊಂಡ ಪ್ರಶ್ನೆಗೆ ಉತ್ತರ ಅದು.

ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ತೂತುಗಳಿವೆ ನೋಡಿ. ಕೊರೆಯುವ ಸ್ಪಂಜು ಮಾಡಿದ ಮನೆಗಳು. ಇನ್ನು ಒಳಮಗ್ಗುಲು. ಬಟ್ಟಲಿನ ತಳದಲ್ಲಿ ಕಿರುಬೆರಳ ಉಗುರಿನಷ್ಟು ಇನ್ನೊಂದು ಚಿಪ್ಪು ಅಂಟಿಕೊಂಡಿದೆ. ಪ್ರಾಣಿ ಬದುಕಿದ್ದಾಗ ಅಲ್ಲಿ ಅದರ ಮೆತ್ತನೆಯ ಮೈ ಇತ್ತು, ಬೇರೆ ಯಾವುದೂ ಅಲ್ಲಿ ಕೂರುವ ಹಾಗಿರಲಿಲ್ಲ. ಅಂದರೆ ದೊಡ್ಡದು ಸತ್ತಿತು, ಮುಚ್ಚಳ ಕಳಚಿತು, ಬಟ್ಟಲು ತೆರೆದು ಕಡಲತಳದಲ್ಲಿ ಬಿದ್ದಿತ್ತು. ಬಹಳ ದಿನ ಕೆಸರು ಅದನ್ನು ಮುಚ್ಚಲಿಲ್ಲ. ಮರಿಯೊಂದು ಬಂದು ಅಲ್ಲಿ ಕೂತು ಇಷ್ಟು ಬೆಳೆಯಿತು. ಆಮೇಲೆ ಎರಡನ್ನೂ ಕೆಸರು ಮುಚ್ಚಿತು. ಇದೇ ಪದರದಲ್ಲಿ ಅರ್ಧ ಮೀಟರ್ ಮೇಲೆ ನನಗೆ ಸಿಕ್ಕ ಚಿಪ್ಪುಗಳೆಲ್ಲ ಮುಚ್ಚಳ ಹಾಕಿಕೊಂಡೇ ಇದ್ದವು, ಒಳಗೆ ಯಾರೂ ಕೂತಿರಲಿಲ್ಲ. ಅವನ್ನು ಕೆಸರು ಒಮ್ಮೆಗೇ ಮುಚ್ಚಿದೆ. ಕೆಳಗೆ ನಿಧಾನದ ಕಾಲ, ಮೇಲೆ ಅವಸರದ ದಿನ. ಎರಡು ಚಿಪ್ಪನ್ನೂ ಒಂದೇ ಚೀಲಕ್ಕೆ ಹಾಕಿದ್ದರೆ ನಾನು ಈ ವ್ಯತ್ಯಾಸ ಹೇಳಲಾಗುತ್ತಿರಲಿಲ್ಲ.

ಅರಿಯಲೂರಿಗೆ ಹೋಗುವವರು ವಾರಣವಾಸಿಯ ಪಳೆಯುಳಿಕೆ ವಸ್ತುಸಂಗ್ರಹಾಲಯ ನೋಡಿ ಬನ್ನಿ, ಮಕ್ಕಳನ್ನು ಕರೆದುಕೊಂಡು ಹೋಗಿ. ನಾನು ಈ ಚಿಪ್ಪು ತೆಗೆದ ಗೋಡೆ ಮಾತ್ರ ಈಗ ಅಲ್ಲಿಲ್ಲ. ಮರುವರ್ಷ ಹೋದಾಗ ಆ ಜಾಗದಲ್ಲಿ ಗಣಿಯ ನೀರು ನಿಂತಿತ್ತು, ಹೊಸ ಗೋಡೆ ನಾಲ್ಕು ಡಂಪರ್‌ಗಳಷ್ಟು ದೂರ ಸರಿದಿತ್ತು. ಅಣ್ಣನ ಯಂತ್ರ ಅದರ ಮೇಲೆ ಕೊರೆಯುತ್ತಿತ್ತು.

ಚಿಪ್ಪಿನ ಅಂಚಿನಲ್ಲಿ ಕಪ್ಪು ಶಾಯಿಯಲ್ಲಿ 3–17 ಎಂದು ಬರೆದಿದೆ. ಮೂರನೇ ಬೆಂಚು, ಹದಿನೇಳನೇ ಚಿಪ್ಪು. ಪುಸ್ತಕದಲ್ಲಿ ಅದರ ಎದುರಿಗೆ ತಳದಿಂದ 2.4 ಮೀಟರ್ ಎಂದಿದೆ. ಕೊನೆಯ ಸಾಲಿನವರು ನೋಡಿಯಾದ ಮೇಲೆ ನನಗೆ ತಂದುಕೊಡಿ. ಬೆರಳು ಆ ಸಂಖ್ಯೆಯ ಮೇಲೆ ಉಜ್ಜದಂತೆ ಹಿಡಿದುಕೊಳ್ಳಿ.